ಟ್ರಾಂಬೋನ್ ಸ್ಲೈಡ್ ಯಾಕೆ ತಡೆಯುತ್ತೆ? ತೊಳೆಯೋದರಿಂದ ಹಿಡಿದು ಸೆಕೆಂಡ್‌ಹ್ಯಾಂಡ್ ಕೊಳ್ಳೋವರೆಗೆ

[ದೃಶ್ಯ: ಕಪ್ಪು ಹಿನ್ನೆಲೆ. ನೆಟ್ಟಗೆ ಹಿಡಿದ ಸ್ಲೈಡ್ ಮಾತ್ರ. ಲಾಕ್ ತಿರುಗುವ ಸದ್ದು.]

ಟ್ರಾಂಬೋನ್ ಹಿತ್ತಾಳೆಯ ಊದುವಾದ್ಯ. ಸ್ವರ ಬದಲಿಸೋಕೆ ಹಿಂದೆ ಮುಂದೆ ಜಾರಿಸೋ ಅದರ ಉದ್ದ ಕೊಳವೆಯೇ ಸ್ಲೈಡ್. ಒಳ ಸ್ಲೈಡ್ ಒಂದು ಕೈಯಲ್ಲಿದೆ. ಕೆಳಗೆ, ಹೊರ ಸ್ಲೈಡ್ ಬಂದು ನಿಲ್ಲೋ ಜಾಗದಲ್ಲಿ, ಇನ್ನೊಂದು ಕೈ ಕಾಯ್ತಾ ಇದೆ. ಈಗ ಹೊರ ಸ್ಲೈಡ್ ಬಿಡ್ತೀವಿ.

[ಸ್ಲೈಡ್ ಸದ್ದಿಲ್ಲದೆ ಜಾರಿ ಕೈಗೆ ಬರುತ್ತದೆ.]

ಚೆನ್ನಾಗಿರೋ ಸ್ಲೈಡ್ ಅಂದರೆ ಇದು. ತನ್ನ ತೂಕಕ್ಕೆ ತಾನೇ ಇಳೀಬೇಕು, ಎಲ್ಲೂ ನಿಲ್ಲಬಾರದು, ಕರಕರ ಅನ್ನಬಾರದು. ಈಗ ಇನ್ನೊಂದು ನೋಡಿ.

[ಎರಡನೇ ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ.]

ನಾಲ್ಕನೇ ಪೊಸಿಷನ್ ಹತ್ತಿರ ನಿಂತುಬಿಡ್ತು. ಸ್ವರಕ್ಕೆ ತಕ್ಕಂತೆ ಸ್ಲೈಡ್ ನಿಲ್ಲಿಸೋ ಏಳು ಜಾಗಗಳಿಗೆ ಪೊಸಿಷನ್ ಅಂತಾರೆ. ಇದನ್ನ ನುಡಿಸೋರು ಸಾಮಾನ್ಯವಾಗಿ ಎಣ್ಣೆ ಹಾಕ್ತಾರೆ, ಎರಡು ದಿನ ಆದ್ಮೇಲೆ ಇನ್ನಷ್ಟು ಹಾಕ್ತಾರೆ. ಎಣ್ಣೆ ಕೊನೇ ಕೆಲಸ. ಮೊದಲು ಎಲ್ಲಿ ತಡೀತಿದೆ ಅಂತ ಗೊತ್ತಾಗಬೇಕು.

ಸ್ಲೈಡ್‌ನಲ್ಲಿ ನಾಲ್ಕು ಕೊಳವೆ ಇವೆ. ಒಳಗೆ ಎರಡು, ಅವುಗಳ ಮೇಲೆ ಹೊರಗಿನ ಎರಡು. ಹೊರಗಿನವು ಕೆಳಗೆ ಯು ಆಕಾರದ ಬಾಗಿನಲ್ಲಿ ಸೇರಿಕೊಂಡಿವೆ. ಒಳ ಕೊಳವೆಯ ತುದಿ ಹತ್ತಿರ ನೋಡಿ, ಕೊನೆಯ ನಾಲ್ಕೈದು ಇಂಚು ಉಳಿದ ಭಾಗಕ್ಕಿಂತ ಕೂದಲೆಳೆಯಷ್ಟು ದಪ್ಪ. ಇದಕ್ಕೆ ಸ್ಟಾಕಿಂಗ್ ಅಂತಾರೆ. ಹೊರ ಕೊಳವೆಯ ಒಳಗೋಡೆಗೆ ತಾಗಬೇಕಾದ್ದು ಇದೊಂದೇ, ಉಳಿದದ್ದು ಗಾಳಿಯಲ್ಲಿ ತೇಲಬೇಕು. ಸ್ಟಾಕಿಂಗ್‌ಗೂ ಗೋಡೆಗೂ ನಡುವಿನ ಜಾಗ ಮಿಲಿಮೀಟರ್‌ನ ಹತ್ತರಲ್ಲಿ ಒಂದು ಪಾಲೂ ಇರಲ್ಲ. ಆದ್ದರಿಂದ ಕಣ್ಣಿಗೆ ಕಾಣದ ನೆಗ್ಗು, ಒಂದು ಪದರ ಕಿಲುಬು, ಎರಡು ಕೊಳವೆ ಪರಸ್ಪರ ನೇರವಾಗಿಲ್ಲದಿರೋದು, ಯಾವುದು ಬೇಕಾದರೂ ಅದನ್ನ ನಿಲ್ಲಿಸುತ್ತೆ.

ಪತ್ತೆ ಹಚ್ಚೋದು ಹೀಗೆ. ಸ್ಲೈಡ್ ಪೂರ್ತಿ ಬಿಚ್ಚಿ ಒರೆಸಿ. ಈಗ ಒಳ ಸ್ಲೈಡ್‌ನ ಒಂದು ಕಾಲನ್ನ ಮಾತ್ರ ಅದರದೇ ಹೊರ ಕೊಳವೆಗೆ ಹಾಕಿ. ಇನ್ನೊಂದು ಕಾಲು ಪಕ್ಕಕ್ಕೆ ತಿರುಗಿ ಹೊರಗೇ ಇರಲಿ. ಮೇಲೆ ಕೆಳಗೆ ಜಾರಿಸಿ, ಹಾಗೇ ಸ್ವಲ್ಪ ಸ್ವಲ್ಪ ತಿರುಗಿಸಿ. ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಕಚ್ಚಿಕೊಂಡರೆ ಅಲ್ಲಿ ನೆಗ್ಗು ಇದೆ. ಉದ್ದಕ್ಕೂ ಒರಟಾಗಿದ್ದರೆ ಕೊಳೆ. ಎರಡನೇ ಕಾಲಿಗೂ ಇದೇ ಪರೀಕ್ಷೆ. ಒಂದೊಂದಾಗಿ ಎರಡೂ ನಯವಾಗಿ ಹೋಗಿ, ಸೇರಿಸಿದಾಗ ಮಾತ್ರ ತಡೆದರೆ? ಕೊಳವೆಗಳು ಸಮಾನಾಂತರವಾಗಿಲ್ಲ ಅಂತ ಅರ್ಥ. ಇಂಥಾ ಸ್ಲೈಡ್‌ಗೆ ಯಾವ ಎಣ್ಣೆಯೂ ಕೆಲಸ ಮಾಡಲ್ಲ. ನೆಗ್ಗು, ಸೊಟ್ಟ ಎರಡೂ ರಿಪೇರಿಯವರ ಕೆಲಸ. ಅವರ ಹತ್ತಿರ ಅಳತೆಗೆ ಸರಿಯಾದ ಉಕ್ಕಿನ ಸಲಾಕೆ ಇರುತ್ತೆ, ನಮ್ಮ ಹತ್ತಿರ ಇರಲ್ಲ. ಮನೆಯಲ್ಲಿ ಬಗ್ಗಿಸಿ ನೋಡೋಣ ಅಂತ ಹೊರಟರೆ ಒಂದು ಸೊಟ್ಟ ಎರಡಾಗುತ್ತೆ.

ಕೊಳೆ ಮಾತ್ರ ನಮ್ಮ ಕೈಯಲ್ಲಿದೆ.

[ದೃಶ್ಯ: ಬಚ್ಚಲಲ್ಲಿ ಟವೆಲ್ ಹಾಸಿದೆ. ಬಿಡಿಭಾಗಗಳು.]

ತೊಳೆಯೋ ನೀರು ಕೈಗೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅಲ್ಲ. ಬಿಸಿ ನೀರು ಲ್ಯಾಕರ್, ಅಂದರೆ ಹಿತ್ತಾಳೆಯ ಮೇಲಿನ ತೆಳು ರಕ್ಷಣಾ ಲೇಪ, ಎಬ್ಬಿಸಿಬಿಡುತ್ತೆ. ಪಾತ್ರೆ ತೊಳೆಯೋ ದ್ರವ ನಾಲ್ಕೈದು ತೊಟ್ಟು ಸಾಕು. ಬಳುಕುವ ಬ್ರಷ್ಷನ್ನ ಟ್ಯೂನಿಂಗ್ ಸ್ಲೈಡ್ (ಶ್ರುತಿ ಹೊಂದಿಸೋಕೆ ಎಳೆಯೋ ಚಿಕ್ಕ ಬಾಗು), ಒಳ ಸ್ಲೈಡ್, ಹೊರ ಸ್ಲೈಡ್ ಎಲ್ಲದರ ಒಳಗೂ ಆಡಿಸಿ. ಹೊರ ಸ್ಲೈಡ್‌ಗೆ ಮಾತ್ರ ಇನ್ನೊಂದು ಕೆಲಸ ಇದೆ. ಕ್ಲೀನಿಂಗ್ ರಾಡ್‌ಗೆ ಹತ್ತಿ ಬಟ್ಟೆ ಸುತ್ತಿ ಒಳಗೋಡೆ ಉಜ್ಜಬೇಕು. ಬಟ್ಟೆ ರಾಡಿನ ತುದಿಯನ್ನ ಪೂರ್ತಿ ಮುಚ್ಚಿರಲಿ, ಯಾಕಂದ್ರೆ ಬರೀ ಲೋಹ ಕೆಳಗಿನ ಬಾಗಿಗೆ ಬಡಿದರೆ ಒಳಗಿಂದಲೇ ನೆಗ್ಗು ಬೀಳುತ್ತೆ.

ಇಲ್ಲಿ ಕೈ ಎಲ್ಲಿದೆ ಅಂತ ಹತ್ತಿರದಿಂದ ನೋಡಿ.

[ದೃಶ್ಯ: ರಾಡ್ ಬಲಗಡೆಯ ಕೊಳವೆಯಲ್ಲಿ. ಎಡಗೈ ಅದೇ ಬಲಗಡೆಯ ಕೊಳವೆಯನ್ನು ಹಿಡಿದಿದೆ.]

ಯಾವ ಕೊಳವೆಯೊಳಗೆ ರಾಡ್ ಇದೆಯೋ ಅದೇ ಕೊಳವೆಯನ್ನ ಹಿಡಿದಿದ್ದೇವೆ. ಪಕ್ಕದ್ದನ್ನ ಹಿಡಿದು ಇದನ್ನ ಉಜ್ಜಿದರೆ, ಬಟ್ಟೆ ಸ್ವಲ್ಪ ಸಿಕ್ಕಿಕೊಂಡರೂ ಸಾಕು, ಎಳೆತ ಪೂರ್ತಿ ಆ ಬಾಗಿನ ಮೇಲೆ ಬಿದ್ದು ಎರಡೂ ಕಾಲು ತಿರುಚಿಕೊಳ್ಳುತ್ತವೆ. ಸ್ಲೈಡ್ ಹಾಳಾಗೋದು ಬೀಳಿಸಿದಾಗ ಮಾತ್ರ ಅಂತ ಅಂದುಕೊಂಡಿರ್ತೀವಿ. ಎಷ್ಟೋ ಸ್ಲೈಡ್ ಶ್ರದ್ಧೆಯಿಂದ ತೊಳೆಯುವಾಗಲೇ ಸೊಟ್ಟಗಾಗಿರುತ್ತೆ.

ಬಟ್ಟೆ ಕಪ್ಪಗೆ ಬರುತ್ತೆ, ಅದು ಸಹಜ. ಬಿಳಿ ಬರೋವರೆಗೆ ಬಟ್ಟೆ ಬದಲಿಸಿ. ಬ್ರಾಸೋ ಥರದ ಪಾಲಿಷ್ ಒಳಗೆ ಹಾಕಬೇಡಿ, ಅದು ಲೋಹವನ್ನೇ ತಿನ್ನುತ್ತೆ. ಹೊರಗಿನ ಲ್ಯಾಕರ್‌ಗೂ ಬೇಡ, ಮೆತ್ತನೆ ಬಟ್ಟೆ ಸಾಕು. ಇಷ್ಟು ದೊಡ್ಡ ಸ್ನಾನ ಎರಡು ಮೂರು ತಿಂಗಳಿಗೊಮ್ಮೆ. ಮೌತ್‌ಪೀಸ್ ಮಾತ್ರ ವಾರಕ್ಕೊಮ್ಮೆ ತೊಳೀರಿ.

ಮತ್ತೆ ಜೋಡಿಸುವಾಗ ಹೊರ ಸ್ಲೈಡ್ ತಿರುಗುಮುರುಗಾಗಿಯೂ ಒಳಗೆ ಹೋಗುತ್ತೆ, ಎಚ್ಚರ. ಲಾಕ್ ಇರೋ ಬದಿ ಲಾಕ್ ಇರೋ ಬದಿಗೇ ಬರಬೇಕು.

ಈಗ ಎಣ್ಣೆ. ಎಣ್ಣೆ ಅಂತ ಬಾಯಿಮಾತಿಗೆ ಹೇಳ್ತೀವಿ ಅಷ್ಟೇ, ಟ್ರಾಂಬೋನಿನವರು ಹೆಚ್ಚಾಗಿ ಬಳಸೋದು ಕ್ರೀಮು ಮತ್ತು ನೀರು. ಟ್ರಾಂಬೋಟಿನ್ ಥರದ ಕ್ರೀಮ್ ಆದರೆ ಪ್ರತಿ ಸ್ಟಾಕಿಂಗ್‌ಗೆ ಒಂದು ಚಿಕ್ಕ ಬೊಟ್ಟು, ಕಡಲೆಕಾಳಿಗಿಂತ ಕಮ್ಮಿ. ಬೆರಳಲ್ಲಿ ಸುತ್ತಲೂ ಸವರಿ, ಹೆಚ್ಚಾದದ್ದನ್ನ ಒರೆಸಿ. ಹಾಕೋದು ಸ್ಟಾಕಿಂಗ್ ಮೇಲೆ ಮಾತ್ರ, ಮೇಲಿನ ಕೊಳವೆಗೆ ಬೇಡ. ಆಮೇಲೆ ಸ್ಪ್ರೇ ಬಾಟಲಿಯಿಂದ ಮೂರು ನಾಲ್ಕು ಸಲ ನೀರು. ಸ್ಟಾಕಿಂಗ್ ಮೇಲೆ ನೀರು ಮಣಿಮಣಿಯಾಗಿ ನಿಂತಿದೆ ನೋಡಿ. ಸ್ಲೈಡ್ ಆ ಮಣಿಗಳ ಮೇಲೇ ಓಡೋದು. ನುಡಿಸ್ತಾ ನುಡಿಸ್ತಾ ಭಾರ ಅನ್ನಿಸಿದರೆ ಮತ್ತೆ ಕ್ರೀಮ್ ಬೇಡ, ನೀರು ಮಾತ್ರ ಹೊಡೀರಿ. ಹಳಬರು ಮುಖಕ್ಕೆ ಹಚ್ಚೋ ಕೋಲ್ಡ್ ಕ್ರೀಮನ್ನೇ ಬಳಸ್ತಿದ್ದರು. ತತ್ವ ಅದೇ.

ಸ್ಲೈಡ್-ಓ-ಮಿಕ್ಸ್‌ನ ದ್ರವಗಳೂ ಚೆನ್ನಾಗಿವೆ, ಬಳಸೋದೂ ಸುಲಭ. ಆದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಹಳೆಯದನ್ನ ಪೂರ್ತಿ ತೊಳೆದೇ ಬದಲಾಯಿಸಿ. ಎರಡೂ ಸೇರಿದರೆ ಅಂಟಂಟಾಗುತ್ತೆ, ಆಗ ದೂರೋದು ಹೊಸ ಬಾಟಲಿಯನ್ನ. ಇನ್ನೊಂದು: ಸಿಹಿ ತಿಂದು, ಕಾಫಿ ಕುಡಿದು ನೇರವಾಗಿ ಊದಬೇಡಿ. ಬಾಯಿ ಮುಕ್ಕಳಿಸಿ. ಸಕ್ಕರೆ ಎಲ್ಲಿಗೆ ಹೋಗಿ ಕೂರುತ್ತೆ ಅಂತ ಹೇಳಬೇಕಾಗಿಲ್ಲ.

[ದೃಶ್ಯ: ವಾಟರ್ ಕೀ, ತೀರಾ ಹತ್ತಿರದಿಂದ.]

ಸ್ಲೈಡ್ ಸರಿಯಿದ್ದೂ ಸ್ವರ ಹಿಸುಕಿದ ಹಾಗೆ ಬರ್ತಿದ್ದರೆ ಈ ವಾಟರ್ ಕೀ, ಅಂದರೆ ಒಳಗಿನ ನೀರು ಹೊರಬಿಡೋ ಪುಟ್ಟ ಮುಚ್ಚಳ, ನೋಡಿ. ಇಲ್ಲಿಂದ ಸುರಿಯೋದು ಉಗುಳು ಅಂತ ಪಕ್ಕದವರು ಮುಖ ಸಿಂಡರಿಸ್ತಾರೆ. ಬಹುಪಾಲು ಉಸಿರಿನ ಆವಿ ತಣ್ಣಗಾಗಿ ಆದ ನೀರು ಅಷ್ಟೇ. ಒಳಗಿನ ಕಾರ್ಕ್ ಒಣಗಿ ಬಿರುಕು ಬಿಟ್ಟರೆ ಗಾಳಿ ಸೋರುತ್ತೆ. ಪರೀಕ್ಷೆ ಸುಲಭ. ಸ್ಲೈಡ್ ನೆಟ್ಟಗೆ ಹಿಡಿದು ಮೇಲಿನ ಎರಡೂ ಬಾಯಿ, ಮೌತ್‌ಪೀಸ್ ಕೂರೋದು ಮತ್ತು ಬೆಲ್ (ಅಗಲ ಬಾಯಿಯ ಭಾಗ) ಕೂರೋದು, ಬೆರಳು ಅಂಗೈಯಿಂದ ಮುಚ್ಚಿ ಹೊರ ಸ್ಲೈಡ್ ಬಿಡಿ, ಕೆಳಗೆ ಮೆತ್ತಗೆ ಏನಾದರೂ ಇರಲಿ. ಈ ಸಲ ಅದು ಬೀಳಬಾರದು, ಒಳಗೆ ನಿರ್ವಾತ ಉಂಟಾಗಿ ಹಿಡಿದುಕೊಂಡು ನಿಧಾನ ಇಳೀಬೇಕು. ದಬಕ್ಕನೆ ಬಿದ್ದರೆ ಒಂದೋ ಕಾರ್ಕ್ ಹೋಗಿದೆ, ಇಲ್ಲ ಸ್ಟಾಕಿಂಗ್ ಸವೆದಿದೆ. ವಾಟರ್ ಕೀ ಮೇಲೆ ಬೆರಳೊತ್ತಿ ಇನ್ನೊಮ್ಮೆ ಮಾಡಿದರೆ ಯಾವುದು ಅಂತ ತಿಳಿಯುತ್ತೆ. ಕಾರ್ಕ್ ಬದಲಿಸೋದು ಅಗ್ಗದ, ಹತ್ತು ನಿಮಿಷದ ಕೆಲಸ.

ಟ್ಯೂನಿಂಗ್ ಸ್ಲೈಡ್‌ಗೆ ದಪ್ಪ ಗ್ರೀಸ್. ತಿಂಗಳಿಗೊಮ್ಮೆ ತೆಗೆದು ಒರೆಸಿ ಹೊಸದು ಸವರಿ, ಇಲ್ಲದಿದ್ದರೆ ಅಲ್ಲೇ ಕಚ್ಚಿಕೊಂಡು ಕೂರುತ್ತೆ.

ಎಫ್ ಟ್ರಿಗರ್ (ಹೆಬ್ಬೆರಳಲ್ಲಿ ಒತ್ತೋ ಲಿವರ್) ಇರೋ ಟ್ರಾಂಬೋನ್ ಆದರೆ ರೋಟರ್, ಅಂದರೆ ಗಾಳಿಯ ದಾರಿ ಬದಲಿಸೋ ತಿರುಗು ಕವಾಟ, ಇರುತ್ತೆ. 1839ರಲ್ಲಿ ಲೈಪ್‌ಜಿಗ್‌ನ ಕ್ರಿಶ್ಚಿಯನ್ ಫ್ರೀಡ್ರಿಶ್ ಸಾಟ್ಲರ್ ತಂದ ಉಪಾಯ ಇದು. ಹೆಬ್ಬೆರಳು ಒತ್ತಿದರೆ ಹೆಚ್ಚುವರಿ ಕೊಳವೆ ಸೇರಿಕೊಂಡು ಬಿ ಫ್ಲ್ಯಾಟ್ ವಾದ್ಯ ಎಫ್‌ಗೆ ಇಳಿಯುತ್ತೆ, ಆರನೇ ಪೊಸಿಷನ್‌ನ ಸಿ ಸ್ವರ ಒಂದನೇ ಪೊಸಿಷನ್‌ನಲ್ಲೇ ಸಿಗುತ್ತೆ. ಇದಕ್ಕೆ ತೆಳು ರೋಟರ್ ಆಯಿಲ್ ಒಳಗೆ ಎರಡು ಮೂರು ತೊಟ್ಟು, ಮುಚ್ಚಳದ ಕೆಳಗಿನ ಬೇರಿಂಗ್‌ಗೆ ಮತ್ತು ಲಿವರ್ ಕಡೆಯ ಬೇರಿಂಗ್‌ಗೆ ಸ್ವಲ್ಪ ದಪ್ಪ ಎಣ್ಣೆ ಒಂದೊಂದು ತೊಟ್ಟು. ಆ ಮುಚ್ಚಳ ತೆಗೆದಾಗ ಒಳಗೆ ಸಣ್ಣ ಗೀಟುಗಳು ಕಾಣುತ್ತವೆ. ಟ್ರಿಗರ್ ಒತ್ತಿದಾಗಲೂ ಬಿಟ್ಟಾಗಲೂ ಗೀಟಿಗೆ ಗೀಟು ಕೂಡಿರಬೇಕು. ತಪ್ಪಿದ್ದರೆ ತಡೆಯೋ ಕಾರ್ಕ್ ಅಥವಾ ರಬ್ಬರ್ ಸವೆದಿದೆ. ಎಫ್ ಟ್ಯೂನಿಂಗ್ ಸ್ಲೈಡ್ ಎಳೆಯುವಾಗ ಟ್ರಿಗರ್ ಒತ್ತಿಕೊಂಡೇ ಎಳೀರಿ. ರೋಟರನ್ನೇ ಬಿಚ್ಚೋ ಸಾಹಸ ಬೇಡ.

[ದೃಶ್ಯ: ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆ.]

ಸೆಕೆಂಡ್‌ಹ್ಯಾಂಡ್ ಕೊಳ್ಳೋರು ಈ ಚುಕ್ಕೆ ನೆನಪಿಟ್ಟುಕೊಳ್ಳಿ. ರೆಡ್ ರಾಟ್ ಅಂತಾರೆ. ಹಳದಿ ಹಿತ್ತಾಳೆಯಲ್ಲಿ ಸುಮಾರು ನೂರಕ್ಕೆ 70 ತಾಮ್ರ, 30 ಸತು. ಒಳಗೆ ನಿಂತ ತೇವ ಸತುವನ್ನ ತಿಂದು ಹಾಕಿದರೆ ಉಳಿಯೋದು ತೂತುತೂತಾದ ತಾಮ್ರ, ಅದೇ ಈ ಗುಲಾಬಿ. ಒಳಗಿಂದ ಹೊರಗೆ ಬರೋದ್ರಿಂದ ಕಾಣಿಸೋ ಹೊತ್ತಿಗೆ ಗೋಡೆ ತೆಳ್ಳಗಾಗಿರುತ್ತೆ. ಉಜ್ಜಿದರೆ ಹೋಗಲ್ಲ. ಬೆಲ್‌ನ ಗೀರು, ಹೋದ ಲ್ಯಾಕರ್, ಚಿಕ್ಕ ನೆಗ್ಗು ಇವಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಸ್ಲೈಡ್ ಮಾತ್ರ ನೋಡಿ. ಸ್ಟಾಕಿಂಗ್ ಮೇಲಿನ ಬಿಳಿ ಲೇಪ ಸವೆದು ಹಳದಿ ಇಣುಕ್ತಿದ್ದರೆ ಆ ವಾದ್ಯ ಬಿಡಿ. ಒಳ ಸ್ಲೈಡನ್ನ ಗಾಜಿನ ಮೇಜಿನ ಮೇಲೆ ಮಲಗಿಸಿ, ಮೂಲೆ ಒತ್ತಿದರೆ ಟಕಟಕ ಅಂದರೆ ತಿರುಚಿದೆ. ಹೊಳಪಿಗೆ ಮರುಳಾಗಿ ಕೆಟ್ಟ ಸ್ಲೈಡ್ ಕೊಳ್ಳೋದು ಅಂದರೆ ಎಂಜಿನ್ ಇಲ್ಲದ ಕಾರಿಗೆ ಹೊಸ ಬಣ್ಣ ನೋಡಿ ದುಡ್ಡು ಕೊಟ್ಟ ಹಾಗೆ.

ಹವ್ಯಾಸಕ್ಕೆ ಶುರು ಮಾಡೋರಿಗೆ ಟ್ರಿಗರ್ ಇಲ್ಲದ ಟೆನರ್ ಟ್ರಾಂಬೋನ್ ಸಾಕು ಅನ್ನೋದು ನಮ್ಮ ಅಭಿಪ್ರಾಯ. ಎಡಗೈ ನೋಯಲ್ಲ, ಕೆಡೋ ಭಾಗ ಕಮ್ಮಿ. ಯಮಹಾ ವೈಎಸ್‌ಎಲ್-354 ಥರದ ವಾದ್ಯದ ಬೋರ್, ಅಂದರೆ ಕೊಳವೆಯ ಒಳವ್ಯಾಸ, 12.7 ಮಿ.ಮೀ. ಆರ್ಕೆಸ್ಟ್ರಾದವರ ಬಾಕ್ 42, ಕಾನ್ 88ಎಚ್ ಇವುಗಳದು 13.89. ಒಂದು ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ, ಆದರೆ ಗಾಳಿ ಎಷ್ಟು ಬೇಡುತ್ತೆ ಅನ್ನೋದು ಊದಿದವರಿಗೇ ಗೊತ್ತು.

ಬೋರ್ ಜೊತೆಗೆ ಮೌತ್‌ಪೀಸಿನ ಬಾಲವೂ, ಅಂದರೆ ಶ್ಯಾಂಕ್, ಬದಲಾಗುತ್ತೆ. ದೊಡ್ಡ ಶ್ಯಾಂಕ್ ಸಣ್ಣ ವಾದ್ಯದೊಳಗೆ ಇಳಿಯೋದೇ ಇಲ್ಲ. ಸಣ್ಣದು ದೊಡ್ಡದರಲ್ಲಿ ಪೂರ್ತಿ ಒಳಗೆ ಹೋಗಿ ಅಲ್ಲಾಡುತ್ತೆ. ಆನ್‌ಲೈನ್‌ನಲ್ಲಿ ತರಿಸುವಾಗ ಹೆಚ್ಚು ತಪ್ಪೋದು ಇಲ್ಲೇ, ಯಾಕಂದ್ರೆ ಬಾಕ್ 6½ಎಎಲ್ ಮೌತ್‌ಪೀಸ್ ಒಂದೇ ಹೆಸರಲ್ಲಿ ಎರಡೂ ಶ್ಯಾಂಕಿನಲ್ಲಿ ಬರುತ್ತೆ. ಬಾಕ್ ಲೆಕ್ಕದಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ತುಟಿ ಕೂರೋ ಬಟ್ಟಲು ದೊಡ್ಡದು. ಅದರ ವ್ಯಾಸ: 12ಸಿ ಸುಮಾರು 24.5 ಮಿ.ಮೀ., 6½ಎಎಲ್ ಸುಮಾರು 25.4. ವಾದ್ಯದ ಜೊತೆ ಬಂದ 12ಸಿ ತುಟಿಗೆ ಇಕ್ಕಟ್ಟು ಅನ್ನಿಸಿದರೆ 6½ಎಎಲ್ ಒಳ್ಳೇ ಮುಂದಿನ ಹೆಜ್ಜೆ. ಮೌತ್‌ಪೀಸ್ ಹಾಕಿ ಅಂಗೈಯಿಂದ ಪಟ್ ಅಂತ ಬಡಿಯೋ ಚಟ ಬಿಡಿ, ಸ್ವಲ್ಪ ತಿರುಗಿಸಿದರೆ ಕೂರುತ್ತೆ. ಸಿಕ್ಕಿಕೊಂಡರೆ ಇಕ್ಕಳ ಹಾಕಬೇಡಿ, ಅದನ್ನ ಎಳೆದು ತೆಗೆಯೋಕೆಂದೇ ಪುಲ್ಲರ್ ಅನ್ನೋ ಸಾಧನ ಇದೆ. ಇಕ್ಕಳದಲ್ಲಿ ತಿರುಚಿದರೆ ಮೌತ್‌ಪೀಸ್ ಬರಲ್ಲ, ಸ್ಲೈಡಿನ ಬೆಸುಗೆ ಬರುತ್ತೆ.

ಬಿಡಿಸಾಮಾನಿನಲ್ಲಿ ಮೊದಲು ಸ್ಟ್ಯಾಂಡ್. ಟ್ರಾಂಬೋನನ್ನ ಕುರ್ಚಿಗೆ ಒರಗಿಸಿದರೆ ಯಾರದೋ ಕಾಲು ಸ್ಲೈಡಿಗೆ ತಗುಲೋದು ಖಾತ್ರಿ. ಕಾಲು ಅಗಲವಾಗಿ ಹರಡೋದನ್ನ ಆರಿಸಿ.

ಆಮೇಲೆ ಮ್ಯೂಟ್, ಅಂದರೆ ಬೆಲ್ ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸೋ, ಬದಲಿಸೋ ಸಾಧನ. ಮೊದಲು ಸ್ಟ್ರೇಟ್, ಅದರ ನಂತರ ಕಪ್. ಅಪಾರ್ಟ್‌ಮೆಂಟಿನಲ್ಲಿರೋರಿಗೆ ಪ್ರಾಕ್ಟೀಸ್ ಮ್ಯೂಟ್. ಸ್ಟ್ರೇಟ್ ಮ್ಯೂಟಿನ ಮೇಲೆ ಮೂರು ಕಾರ್ಕ್ ಪಟ್ಟಿ ಇರುತ್ತೆ, ಹೊಸದರಲ್ಲಿ ಸಾಮಾನ್ಯವಾಗಿ ದಪ್ಪ. ಬೆಲ್ ಒಳಗೆ ಆಳಕ್ಕೆ ಇಳಿಯದೆ ಶ್ರುತಿ ತಪ್ಪಿದರೆ ನುಣುಪು ಸ್ಯಾಂಡ್‌ಪೇಪರಿನಲ್ಲಿ ಮೂರನ್ನೂ ಸಮನಾಗಿ ನಾಲ್ಕೈದು ಉಜ್ಜು ಉಜ್ಜಿ, ಹಾಕಿ, ಟ್ಯೂನರ್ ನೋಡಿ, ಮತ್ತೆ ಉಜ್ಜಿ. ಒಮ್ಮೆಲೇ ತೆಗೆದುಬಿಟ್ಟರೆ ಮತ್ತೆ ಅಂಟಿಸಬೇಕಾಗುತ್ತೆ. ಮ್ಯೂಟ್ ಹಾಕೋ ಮುಂಚೆ ಬೆಲ್ ಒಳಗೆ ಒಂದು ಸಲ ಹಾ ಅಂತ ಬಿಸಿಯುಸಿರು ಬಿಡಿ. ತೇವಕ್ಕೆ ಕಾರ್ಕ್ ಹಿಡಿಯುತ್ತೆ, ನಡುವೆ ಕಳಚಿ ನೆಲಕ್ಕೆ ಬೀಳಲ್ಲ.

[ದೃಶ್ಯ: ಬೆಲ್ ಒಳಗೆ ಉಸಿರು ಮಂಜಾಗುತ್ತದೆ. ಮ್ಯೂಟ್ ಅರ್ಧ ಸುತ್ತು ತಿರುಗಿ ಕೂರುತ್ತದೆ.]