ಮಾಗಿಯ ಚಳಿಯಲ್ಲಿ ಕೋಳಿಗೂಡು

ಕೇಳುಗ ಬಂಧುಗಳೇ, ನಮಸ್ಕಾರ.

ಮಾಗಿ ಕಾಲಿಟ್ಟಿದೆ. ಮಲೆನಾಡಿನಲ್ಲಿ ಬೆಳಗ್ಗೆ ಎಂಟಾದರೂ ಕಾಫಿ ಗಿಡಗಳ ಮೇಲಿನ ಮಂಜು ಕರಗುವುದಿಲ್ಲ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಹಿತ್ತಿಲಲ್ಲಿ ಹತ್ತು ಹದಿನೈದು ಕೋಳಿ, ಜೊತೆಗೊಂದಿಷ್ಟು ಗೌಜಲಕ್ಕಿ ಸಾಕಿಕೊಂಡವರಿಗೆ ಈಗ ಒಂದೇ ಚಿಂತೆ: ಗೂಡನ್ನು ಬೆಚ್ಚಗಿಡುವುದು ಹೇಗೆ?

ನಾನು ಕೋಳಿ ಸಾಕಲು ತೊಡಗಿದ ಮೊದಲ ವರ್ಷ ಗೂಡಿನ ಸಂದುಗಳಿಗೆಲ್ಲ ಗೋಣಿ ತುರುಕಿ, ಮೇಲಿನಿಂದ ಟಾರ್ಪಾಲು ಹೊದಿಸಿದ್ದೆ. ವಾರ ಕಳೆಯುವಷ್ಟರಲ್ಲಿ ಬಾಗಿಲು ತೆರೆದರೆ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಒಳಗೋಡೆಯಲ್ಲಿ ನೀರು ಹನಿಯುತ್ತಿತ್ತು. ಎರಡು ಹೇಂಟೆಗಳ ಕಣ್ಣು ಊದಿಕೊಂಡು ಸೀನತೊಡಗಿದವು. ಪಶುವೈದ್ಯರು ಬಂದವರೇ ಔಷಧದ ಪೆಟ್ಟಿಗೆ ತೆರೆಯುವ ಮೊದಲು ಟಾರ್ಪಾಲನ್ನು ಮೇಲಕ್ಕೆ ಎತ್ತಿ ಕಟ್ಟಿದರು. ಅಂದಿನಿಂದ ನಾನು ಗೂಡನ್ನು ಪೂರ್ತಿ ಮುಚ್ಚಿದ್ದೇ ಇಲ್ಲ.

ಕೋಳಿಯ ಮೈಯ ಬಿಸಿ ಸುಮಾರು 41 ಡಿಗ್ರಿ. ಅದು ಪುಕ್ಕ ಉಬ್ಬಿಸಿ, ಅದರೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡು ಆ ಬಿಸಿಯನ್ನು ಕಾಪಾಡಿಕೊಳ್ಳುತ್ತದೆ. ಒಣಗಿದ ಪುಕ್ಕವಿದ್ದರೆ ನಮ್ಮ ನಾಡಿನ ಚಳಿಯನ್ನು ಬೆಳೆದ ಕೋಳಿ ತಡೆದುಕೊಳ್ಳುತ್ತದೆ. ಪುಕ್ಕಕ್ಕೆ ತೇವ ಹಿಡಿಯಿತೋ, ಮೈಮೇಲೆ ನೇರವಾಗಿ ಶೀತಗಾಳಿ ಬೀಸಿತೋ, ಆ ರಕ್ಷಣೆ ಉಳಿಯುವುದಿಲ್ಲ. ಕೋಳಿ ತಿಂದ ಮೇವಿನ ತೂಕದ ಹೆಚ್ಚುಕಡಿಮೆ ಎರಡರಷ್ಟು ನೀರು ಕುಡಿಯುತ್ತದೆ. ಅದರಲ್ಲಿ ಬಹುಪಾಲು ಉಸಿರಿನಲ್ಲೂ ಹಿಕ್ಕೆಯಲ್ಲೂ ಹೊರಬಂದು ಗೂಡಿನಲ್ಲೇ ಸೇರುತ್ತದೆ. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾವೇ ಆ ಘಾಟು.

ಆದ್ದರಿಂದ ಗಾಳಿ ಬೀಸುವ ದಿಕ್ಕಿನಲ್ಲಿ, ಕೋಳಿ ಕೂರುವ ಎತ್ತರಕ್ಕಿಂತ ತುಸು ಮೇಲಿನವರೆಗೆ ಮಾತ್ರ ಗೋಣಿಪರದೆ ಕಟ್ಟಿ. ಸೂರಿನ ಕೆಳಗೆ ಒಂದು ಗೇಣು ತೆರೆದಿರಲಿ. ಬಿಸಿಲೇರಿದ ಮೇಲೆ ಪರದೆ ಎತ್ತಿಬಿಡಿ. ನೆಲಕ್ಕೆ ನಾಲ್ಕು ಇಂಚಿನಷ್ಟು ಭತ್ತದ ಹೊಟ್ಟು ಹರಡಿ, ದಿನವೂ ಕೆದಕಿ. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಅದುಮಿ ನೋಡಿ: ಉಂಡೆಗಟ್ಟಿದರೆ ತೇವ ಹೆಚ್ಚಾಗಿದೆ, ಅಷ್ಟು ಭಾಗವನ್ನು ಬದಲಿಸಿ. ಕೂರಲು ಎರಡು ಇಂಚು ಅಗಲದ, ಅಂಚು ನಯಮಾಡಿದ ಮರದ ಪಟ್ಟಿ ಕೊಡಿ. ಅದರ ಮೇಲೆ ಕೋಳಿ ಬೆರಳುಗಳನ್ನು ಹೊಟ್ಟೆಯ ಪುಕ್ಕದಡಿ ಮುಚ್ಚಿಕೊಂಡು ಮಲಗಬಲ್ಲದು.

ಗೌಜಲಕ್ಕಿಯ ಸಂಗತಿ ಬೇರೆ. ಅದನ್ನು ಪುಟ್ಟ ಕೋಳಿ ಎಂದುಕೊಂಡವರು ಚಳಿಗಾಲದಲ್ಲಿ ನಷ್ಟ ಅನುಭವಿಸುತ್ತಾರೆ. ನಾವು ಸಾಕುವ ಜಪಾನಿ ತಳಿ ಬೆಳೆದಾಗಲೂ 150ರಿಂದ 200 ಗ್ರಾಂ ತೂಗುತ್ತದೆ, ಅಷ್ಟೇ. ಮೈ ಚಿಕ್ಕದಾದಷ್ಟೂ ಬಿಸಿ ಬೇಗ ಸೋರಿಹೋಗುತ್ತದೆ. ಅದು ಪಟ್ಟಿಯ ಮೇಲೆ ಕೂರುವ ಹಕ್ಕಿಯಲ್ಲ, ನೆಲದಲ್ಲೇ ಮಲಗುತ್ತದೆ. ತಂತಿಯ ಪಂಜರದಲ್ಲಿಟ್ಟಿದ್ದರೆ ಕೆಳಗಿನಿಂದಲೂ ಗಾಳಿ ತಾಗುತ್ತದೆ. ಪಂಜರದ ಒಂದು ಮೂಲೆಗೆ ಮರದ ಹಲಗೆ ಹಾಕಿ ಹೊಟ್ಟು ಹರಡಿ, ಮೂರು ಬದಿಗೆ ಗೋಣಿ ಕಟ್ಟಿ. ಬೆದರಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆ ಒಡೆದುಕೊಳ್ಳುತ್ತದೆ. ಹಾಗಾಗಿ ಪಂಜರದ ಮೇಲ್ಭಾಗಕ್ಕೆ ಒಳಗಿನಿಂದ ಬಟ್ಟೆ ಬಿಗಿಯಿರಿ.

ಮೇವಿನ ಮಾತು ಚಿಕ್ಕದು. ಚಳಿಯಲ್ಲಿ ಹಕ್ಕಿಗಳು ಹೆಚ್ಚು ತಿನ್ನುತ್ತವೆ, ತಿನ್ನಲಿ. ಸಂಜೆ ಕೋಳಿಗಳಿಗೆ ಒಂದಿಷ್ಟು ನುಚ್ಚುಜೋಳ, ಬೆಳಗ್ಗೆ ಉಗುರುಬೆಚ್ಚಗಿನ ನೀರು ಕೊಟ್ಟರೆ ಒಳ್ಳೆಯದು. ಮೊಟ್ಟೆ ಕಡಿಮೆಯಾಯಿತೆಂದು ಚಳಿಯನ್ನಷ್ಟೇ ದೂರುವುದು ಸರಿಯಲ್ಲ. ಚೆನ್ನಾಗಿ ಮೊಟ್ಟೆಯಿಡಲು ಸುಮಾರು 14 ಗಂಟೆಗಿಂತ ಹೆಚ್ಚು ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲೇ ಹನ್ನೊಂದೂಕಾಲು ಗಂಟೆಯ ಆಸುಪಾಸು. ನಸುಕಿನಲ್ಲಿ ದೀಪ ಹಾಕಿ ಆ ಕೊರತೆ ತುಂಬುವವರಿದ್ದಾರೆ. ನನ್ನ ನಾಟಿ ಹೇಂಟೆಗಳಿಗೆ ನಾನು ಹಾಕುವುದಿಲ್ಲ. ಪುಕ್ಕ ಉದುರಿ ಹೊಸದು ಬರುವ ಈ ಹೊತ್ತಿನಲ್ಲಿ ಅವು ವಿಶ್ರಾಂತಿ ಪಡೆಯಲಿ ಎಂಬುದು ನನ್ನ ಆಸೆ. ಆದರೆ ಸೀನಿನ ಜೊತೆಗೆ ಹಸಿರು ಹಿಕ್ಕೆ ಕಂಡರೆ, ಕತ್ತು ತಿರುಚಿಕೊಂಡರೆ, ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ಸಾಂಕ್ರಾಮಿಕ ರೋಗವಿರಬಹುದು. ತಡಮಾಡದೆ ವೈದ್ಯರನ್ನು ಕರೆಯಿರಿ.

ನಿಜವಾದ ಎಚ್ಚರ ಬೇಕಾಗಿರುವುದು ಮರಿಗಳ ವಿಷಯದಲ್ಲಿ. ಗೌಜಲಕ್ಕಿಯ ಮರಿ ಮೊಟ್ಟೆಯೊಡೆದಾಗ ಎಂಟು ಗ್ರಾಂನಷ್ಟಿರುತ್ತದೆ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಕಾವು ಬೇಕು, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿ ಮಲಗಿದರೆ ಹಿತ. ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿ, ಇಲ್ಲವಾದರೆ ಮುಳುಗಿ ಸಾಯುತ್ತವೆ. ಬಲ್ಬನ್ನು ಸರಪಳಿಯಿಂದ ಭದ್ರವಾಗಿ ತೂಗುಹಾಕಿ. ಒಣಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಮುಚ್ಚಿದ ಗೂಡಿನೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಖಂಡಿತ ಬೇಡ, ಅದರ ಅನಿಲ ಮರಿಗಳನ್ನು ಕೊಲ್ಲುತ್ತದೆ.

ಕರೆಂಟು ಹೋದರೆ? ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಬಟ್ಟೆ ಸುತ್ತಿ ಮರಿಗಳ ನಡುವೆ ಮಲಗಿಸಿಡಿ. ಅವು ಅದಕ್ಕೆ ಒತ್ತಿಕೊಂಡು ಸುಮ್ಮನಾಗುತ್ತವೆ. ನೀರು ತಣ್ಣಗಾಗುವ ಮುನ್ನ ಬದಲಿಸಲು ನಡುರಾತ್ರಿ ಒಮ್ಮೆ, ಬೆಳಗಿನ ಜಾವ ಮತ್ತೊಮ್ಮೆ ನೀವು ಏಳಲೇಬೇಕಾಗುತ್ತದೆ.

ನಮಸ್ಕಾರ.