ಪುಸ್ತಕದ ಕನ್ನಡ ಮೊದಲು ಕಿವಿಗೆ ಬೀಳಲಿ

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಕಾಣ್ತಿರೋ ಈ ಶೆಲ್ಫ್ ನಮ್ಮ ಹಾಲ್‌ನಲ್ಲಿ ನೆಲಕ್ಕೆ ತಾಗಿಕೊಂಡೇ ಇದೆ. ನಾಲ್ಕು ವರ್ಷದ ಮಗಳು ಕೂತಲ್ಲಿಂದಲೇ ಕೈ ಚಾಚಿ ಪುಸ್ತಕ ತಗೋಬೇಕು ಅಂತ ಹೀಗೆ ಇಟ್ಟಿದ್ದೀವಿ. ಪುಸ್ತಕಗಳನ್ನೆಲ್ಲ ಮುಖಪುಟ ಕಾಣೋ ಹಾಗೆ ನಿಲ್ಲಿಸಿದ್ದೀವಿ, ಯಾಕಂದ್ರೆ ಅಕ್ಷರ ಬರದ ಮಗು ಪುಸ್ತಕನ ಗುರುತು ಹಿಡಿಯೋದು ಚಿತ್ರದಿಂದ.

ಇವತ್ತು ಮಕ್ಕಳಿಗೆ ಜೋರಾಗಿ ಓದಿ ಹೇಳೋದರ ಬಗ್ಗೆ ಮಾತಾಡ್ತೀನಿ. ಕತೆ ಹೇಳೋದು ನಮ್ಮ ಮನೆಗಳಿಗೆ ಹೊಸದೇನಲ್ಲ. ತುತ್ತು ತಿನ್ನಿಸೋವಾಗ, ಕರೆಂಟ್ ಹೋದಾಗ, ಬಸ್ಸಲ್ಲಿ ಮಗು ಹಟ ಹಿಡಿದಾಗ ಬಾಯಿಗೆ ಬಂದ ಕತೆ ಹೇಳ್ತಾನೇ ಇರ್ತೀವಿ. ಅದು ಇರಲೇಬೇಕು. ಪುಸ್ತಕ ಕೈಯಲ್ಲಿ ಹಿಡಿದು, ಅಲ್ಲಿ ಅಚ್ಚಾಗಿರೋ ವಾಕ್ಯಾನ ಇದ್ದ ಹಾಗೆ ಓದೋದು ಮಾತ್ರ ಬೇರೆಯದೇ ಕೆಲಸ ಮಾಡುತ್ತೆ. ಕನ್ನಡದ ಮಕ್ಕಳಿಗೆ ಅದು ಇನ್ನೂ ಸ್ವಲ್ಪ ಜಾಸ್ತೀನೇ ಬೇಕು ಅನ್ನೋದು ನನ್ನ ನಂಬಿಕೆ.

ಯಾಕೆ ಅಂತ ಹೇಳ್ತೀನಿ ನೋಡಿ. ಒಂದು ಇರುವೆ ಕತೆ ಇದೆ ಅಂದ್ಕೊಳ್ಳಿ. ಮನೇಲಿ ನಾವು "ಇರುವೆ ಸಕ್ಕರೆ ಹೊತ್ಕೊಂಡ್ ಹೋಗ್ತಿತ್ತು" ಅಂತೀವಿ. ಪುಸ್ತಕದಲ್ಲಿ "ಇರುವೆಯು ಸಕ್ಕರೆಯನ್ನು ಹೊತ್ತುಕೊಂಡು ಹೋಗುತ್ತಿತ್ತು" ಅಂತ ಇರುತ್ತೆ. ದೊಡ್ಡವರಿಗೆ ಎರಡೂ ಒಂದೇ. ಮಗುವಿಗೆ ಹಾಗಲ್ಲ. ನಾವು ಮಾತಾಡೋವಾಗ ನುಂಗಿಬಿಡೋ ವಿಭಕ್ತಿ, ಕ್ರಿಯಾಪದದ ಕೊನೆ, ಎಲ್ಲವೂ ಅಲ್ಲಿ ಪೂರ್ತಿಯಾಗಿ ಬಂದು ಕೂತಿರುತ್ತೆ. ಧಾರವಾಡದ ಮನೆ ಮಗುವಿಗೆ, ಕುಂದಾಪುರದ ಮನೆ ಮಗುವಿಗೆ, ಮನೇಲಿ ತುಳು, ಉರ್ದು, ಲಂಬಾಣಿ ಮಾತಾಡೋ ಮಗುವಿಗೆ ಈ ದೂರ ಇನ್ನೂ ಹೆಚ್ಚು. ಅಂಥ ಮಗು ಒಂದನೇ ಕ್ಲಾಸಿಗೆ ಹೋದಾಗ ಅಕ್ಷರಾನೂ ಹೊಸದು, ಅಕ್ಷರ ಸೇರಿ ಆಗೋ ಮಾತೂ ಹೊಸದು. ಕಷ್ಟಪಟ್ಟು ಒಂದೊಂದೇ ಅಕ್ಷರ ಜೋಡಿಸಿ "ಹೊ… ತ್ತು… ಕೊಂ… ಡು" ಅಂತ ಓದಿದ ಮೇಲೂ, ಅದು ಕಿವಿಗೆ ಪರಿಚಯ ಇಲ್ಲದ ಮಾತಾದ್ರೆ ಅರ್ಥ ಹೊಳೆಯೋದು ಹೇಗೆ? ಅದಕ್ಕೇ ಹೇಳೋದು, ಕಣ್ಣಿಗೆ ಬೀಳೋ ಮೊದಲು ಆ ಕನ್ನಡ ಕಿವಿಗೆ ಬಿದ್ದಿರಲಿ.

ಹೋದ ತಿಂಗಳು ಮಗಳು ತನ್ನ ಗೊಂಬೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಡುಗೆಮನೆಗೆ ಎಳ್ಕೊಂಡು ಬಂದು, ಗಂಭೀರವಾಗಿ "ನಾನು ಗೊಂಬೆಗಳನ್ನು ಹೊತ್ತುಕೊಂಡು ಬರುತ್ತಿದ್ದೇನೆ" ಅಂದಳು. ನಮ್ಮನೇಲಿ ಯಾರೂ ಹಾಗೆ ಮಾತಾಡಲ್ಲ. ಆ ವಾಕ್ಯ ಪುಸ್ತಕದಿಂದ ಅವಳ ಬಾಯಿಗೆ ಬಂದಿತ್ತು, ಅದೂ ಸರಿಯಾದ ಜಾಗದಲ್ಲಿ. ನನಗಂತೂ ಅವತ್ತು ಹಬ್ಬ.

ಇನ್ನು ಲಿಪಿಯ ವಿಷಯ. ನಮ್ಮ ವರ್ಣಮಾಲೇಲಿ 49 ಅಕ್ಷರ ಅಂತ ಹೇಳಿಬಿಡ್ತೀವಿ, ಆದ್ರೆ ಓದೋ ಮಗು ಎದುರಿಸೋದು ಅಷ್ಟನ್ನೇ ಅಲ್ಲ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ ಹದಿನೈದರಷ್ಟು ರೂಪ. ಅಲ್ಲಿಗೇ 500ರ ಆಸುಪಾಸು ಆಯ್ತು. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಕನ್ನಡದ ಮಕ್ಕಳ ಓದನ್ನ ವರ್ಷಗಟ್ಟಲೆ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂಗ್ಲಿಷ್ ಅಕ್ಷರಮಾಲೆಗೆ ಹೋಲಿಸಿದ್ರೆ ನಮ್ಮ ಅಕ್ಷರಗಳ ಕಲಿಕೆ ನಿಧಾನ, ಒಂದೆರಡು ವರ್ಷದಲ್ಲಿ ಮುಗಿಯೋದಲ್ಲ ಅಂತ ತೋರಿಸಿದ್ದಾರೆ. ಹಾಗಾಗಿ ಯುಕೆಜಿ ಮಗುವಿಗೆ ಇನ್ನೂ ಒತ್ತಕ್ಷರ ಬರಲ್ಲ ಅಂತ ಯಾರಾದ್ರೂ ನಿಮ್ಮನ್ನ ಹೆದರಿಸಿದ್ರೆ ದಯವಿಟ್ಟು ಹೆದರಬೇಡಿ. ಕಾಪಿ ಬುಕ್‌ನಲ್ಲಿ ಪುಟಗಟ್ಟಲೆ ತಿದ್ದಿಸಬೇಡಿ. ಅಷ್ಟು ಹೊತ್ತು ಪಕ್ಕದಲ್ಲಿ ಕೂರಿಸ್ಕೊಂಡು ಓದಿ.

ಈಗ ನೋಡ್ತಿರೋ ಈ ತುಣುಕಿನಲ್ಲಿ ಗಮನಿಸಿ, ನನ್ನ ಬೆರಳು ಸಾಲಿನ ಕೆಳಗೆ ಓಡ್ತಾ ಇದೆ. ಇದು ಸುಮ್ನೆ ಅಭ್ಯಾಸ ಅಲ್ಲ. 2005ರಲ್ಲಿ ಕೆನಡಾದ ಸಂಶೋಧಕರು, ದೊಡ್ಡವರು ಓದಿ ಹೇಳೋವಾಗ ಮಕ್ಕಳ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ಓಡಾಡುತ್ತೆ ಅಂತ ಯಂತ್ರ ಇಟ್ಟು ನೋಡಿದ್ರು. ಕಣ್ಣೆಲ್ಲ ಚಿತ್ರದ ಮೇಲೆ, ಅಕ್ಷರದ ಕಡೆ ಹೋಗಿದ್ದು ಬಹಳ ಕಡಿಮೆ. ಬೆರಳಿಟ್ಟು ತೋರಿಸಿದಾಗಲೇ ಮಗುವಿಗೆ "ಅಮ್ಮ ಇಲ್ಲಿಂದ ಓದ್ತಿದ್ದಾಳೆ" ಅಂತ ಗೊತ್ತಾಗೋದು. ಎಡದಿಂದ ಬಲಕ್ಕೆ ಹೋಗ್ಬೇಕು, ಸಾಲು ಮುಗಿದ ಮೇಲೆ ಕೆಳಗಿನ ಸಾಲಿಗೆ ಇಳೀಬೇಕು, ಪದ ಪದದ ನಡುವೆ ಜಾಗ ಇರುತ್ತೆ, ಇದೆಲ್ಲ ಪಾಠ ಮಾಡದೇನೇ ಬರುತ್ತೆ. ಹಾಗಂತ ಪ್ರತಿ ಸಾಲಿಗೂ ಬೆರಳಿಡೋಕೆ ಹೋಗಬೇಡಿ, ಕತೆಯ ಓಟ ಕೆಟ್ಟುಹೋಗುತ್ತೆ. ಪುಟಕ್ಕೆ ಒಂದು ಕಡೆ ಸಾಕು.

ಇಲ್ಲಿ ಅವಳು ನನ್ನ ಬೆರಳು ಸರಿಸಿ ತನ್ನ ಬೆರಳಿಟ್ಟಳು, ನೋಡಿದ್ರಾ? "ಸಕ್ಕರೆ"ಯ ಒತ್ತಿನ ಮೇಲೆ. "ಇದ್ಯಾಕೆ ಕೆಳಗೆ ಕೂತಿದೆ?" ಅಂತ ಕೇಳ್ತಿದ್ದಾಳೆ. ನಾನು ಒತ್ತಕ್ಷರದ ವ್ಯಾಕರಣ ಶುರು ಮಾಡಲಿಲ್ಲ. "ಸಕ್" ಅಂತ ಒಂದು ಚಪ್ಪಾಳೆ, "ಕ" ಅಂತ ಇನ್ನೊಂದು, "ರೆ" ಅಂತ ಮತ್ತೊಂದು. "ಸಕ್ ಅಂದಾಗ ನಾಲಿಗೆ ಅಲ್ಲೇ ಅಂಟ್ಕೊಂಡು ನಿಲ್ಲುತ್ತಲ್ವಾ, ಅದಕ್ಕೆ ಎರಡು ಕ ಬೇಕು." ಆಮೇಲೆ ಅವಳೇ ಅಕ್ಕ, ಬೆಕ್ಕು, ಚಿಕ್ಕಪ್ಪ ಅಂತ ಚಪ್ಪಾಳೆ ತಟ್ಕೊಂಡು ಮನೆಯೆಲ್ಲ ಓಡಾಡಿದಳು. ಇರುವೆ ಪಾಪ ಅರ್ಧ ದಾರೀಲೇ ಉಳೀತು. ಉಳೀಲಿ ಬಿಡಿ. ಪುಸ್ತಕ ಮುಗಿಸಲೇಬೇಕು ಅಂತ ಏನೂ ಇಲ್ಲ.

ಪ್ರಶ್ನೆ ಕೇಳೋದರಲ್ಲೂ ಒಂದು ಹದ ಇದೆ. 1988ರಲ್ಲಿ ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಅನ್ನೋ ಮನಃಶಾಸ್ತ್ರಜ್ಞರು ಮತ್ತವರ ಜೊತೆಯವರು ಎರಡು, ಎರಡೂವರೆ ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗಳನ್ನ ಎರಡು ಗುಂಪು ಮಾಡಿದ್ರು. ಎರಡೂ ಕಡೆ ಮನೇಲಿ ಓದಿ ಹೇಳ್ತಿದ್ರು. ಒಂದು ಗುಂಪಿಗೆ ಮಾತ್ರ, ಹೌದು ಇಲ್ಲ ಅಂತ ಮುಗಿಯದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದೆರಡು ಮಾತು ಸೇರಿಸಿ ಹೇಳಿ ಅಂತ ಕಲಿಸಿದ್ರು. ಒಂದೇ ತಿಂಗಳಲ್ಲಿ ಆ ಗುಂಪಿನ ಮಕ್ಕಳ ಮಾತು ಎದ್ದು ಕಾಣೋಷ್ಟು ಮುಂದೆ ಹೋಗಿತ್ತು. ನಮ್ಮನೇಲಿ ಇದನ್ನ ಹೀಗೆ ಮಾಡ್ತೀವಿ: "ಇದೇನು?" ಅನ್ನೋ ಬದಲು "ಇಲ್ಲೇನಾಗ್ತಿದೆ?" ಅಂತೀವಿ. ಅವಳು "ಮಳೆ" ಅಂದ್ರೆ, "ಹೌದು, ಜೋರು ಮಳೆ, ಇರುವೆ ಗೂಡಿಗೆ ನೀರು ನುಗ್ತಿದೆ" ಅಂತ ನಾನು ಬೆಳೆಸ್ತೀನಿ. ಮುಂದಿನ ಸಲ ಆ ಪುಟ ಬಂದಾಗ "ನೀರು ನುಗ್ತಿದೆ" ಅವಳ ಬಾಯಲ್ಲೇ ಬರುತ್ತೆ. ಇದನ್ನ ಪರೀಕ್ಷೆ ಥರ ಮಾಡಿದ್ರೆ ಮಗು ಎದ್ದು ಹೋಗುತ್ತೆ. ಹಾಗೆ ಹೋದ್ರೆ ಅದು ಮಗುವಿನ ತಪ್ಪಲ್ಲ.

ಒಂದೇ ಪುಸ್ತಕ ಮತ್ತೆ ಮತ್ತೆ ಕೇಳ್ತಾಳೆ, ಬೇಜಾರಾಗಲ್ವಾ ಅಂತ ತುಂಬಾ ಜನ ಕೇಳಿದ್ದೀರಿ. ಓದಿ, ಎಷ್ಟು ಸಲ ಕೇಳಿದ್ರೂ ಓದಿ. ಮೊದಲ ಸಲ ಕತೆ ಗೊತ್ತಾಗುತ್ತೆ, ಆಮೇಲಾಮೇಲೆ ಮಾತು ಗಟ್ಟಿಯಾಗುತ್ತೆ.

ಪುಸ್ತಕ ಎಲ್ಲಿ ಸಿಗುತ್ತೆ? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿವೆ. ಓದಿನ ಹಂತದ ಪ್ರಕಾರ ಜೋಡಿಸಿದ್ದಾರೆ, ಡೌನ್‌ಲೋಡ್ ಮಾಡಿ ಪ್ರಿಂಟ್ ತಗೋಬಹುದು. ಹೊರದೇಶದಲ್ಲಿದ್ದು ಕನ್ನಡ ಪುಸ್ತಕ ಸಿಗಲ್ಲ ಅನ್ನೋರು ಇಲ್ಲಿಂದಲೇ ಶುರು ಮಾಡಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್‌ನಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅಂತ ಕರೀತಾರೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ರು. ದೊಡ್ಡ ಮಗುವಿನ ಹೆಸರಲ್ಲಿ ತಂದ ಪುಸ್ತಕ ಚಿಕ್ಕದಕ್ಕೂ ಆಗುತ್ತೆ.

ಕೊನೇದಾಗಿ, ಓದೋಕೆ ಬರದ ಅಜ್ಜಿ ತಾತ ಇರೋ ಮನೆಗಳ ಬಗ್ಗೆ. ಅವರನ್ನ ಇದರಿಂದ ಹೊರಗಿಡಬೇಡಿ. ಮಾತಿಲ್ಲದ, ಬರೀ ಚಿತ್ರಗಳ ಪುಸ್ತಕ ಅವರ ಕೈಗೆ ಕೊಡಿ. ಈಗ ಸ್ಕ್ರೀನ್ ಮೇಲಿರೋದು ನಮ್ಮತ್ತೆ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಒಂದು ಎಮ್ಮೆ ಚಿತ್ರ ಕಂಡ್ರೆ ಸಾಕು, ತಮ್ಮೂರಿನ ಕೆರೆ, ಏರಿ, ಕಳೆದುಹೋದ ಕರು, ಅದನ್ನ ಹುಡುಕ್ಕೊಂಡು ಹೋದ ರಾತ್ರಿ, ಎಲ್ಲ ಹೊರಗೆ ಬರುತ್ತೆ. ಮೊನ್ನೆ ಅಕ್ಷರ ಇರೋ ಪುಸ್ತಕ ಒಂದನ್ನ ತೆರೆದು ಮೊಮ್ಮಗಳು ಅವರ ಕೈ ಹಿಡಿದು "ಅಜ್ಜಿ, ಇಲ್ಲಿಂದ ಈ ಕಡೆಗೆ ಓದ್ಬೇಕು" ಅಂತ ಸಾಲಿನ ಮೇಲೆ ಬೆರಳು ಓಡಿಸಿ ತೋರಿಸ್ತಿದ್ದಳು. ಆ ವಿಡಿಯೋ ಮುಂದಿನ ವಾರ ಹಾಕ್ತೀನಿ. ನಿಮ್ಮೂರಿನ ಗ್ರಂಥಾಲಯದಲ್ಲಿ ಪುಟ್ಟ ಮಕ್ಕಳ ಪುಸ್ತಕ ಇದ್ಯಾ ಅಂತ ಅಷ್ಟರೊಳಗೆ ಒಮ್ಮೆ ಹೋಗಿ ನೋಡಿ, ಇಲ್ಲದಿದ್ರೆ ತರಿಸಿ ಅಂತ ಕೇಳಿ.