ಹೇಗೂ ಬೀಳೋ ಹಲ್ಲು ತಾನೇ?

ನಮಸ್ಕಾರ. "ಹೇಗೂ ಬೀಳೋ ಹಲ್ಲು ತಾನೇ, ಬಿಡಿ." ಮಕ್ಕಳ ಹಾಲುಹಲ್ಲು ಹುಳುಕಾದಾಗ ಹೇಳುವ ಈ ಮಾತನ್ನು ಕೊಡಗಿನಲ್ಲಿ ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ಮಡಿಕೇರಿಯ ಮನೆಗಳಲ್ಲಿ ಕೇಳಿದ್ದೇನೆ, ಸಿದ್ದಾಪುರದ ಕಡೆ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕೇಳಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಮಗನ ವಿಷಯದಲ್ಲಿ ನಾನೂ ಇದನ್ನೇ ಹೇಳಿದವನು.

ದಕ್ಷಿಣ ಕೊಡಗಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರು ಇದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಪೇಟೆಯಲ್ಲಿ ಒಂದು ಸಣ್ಣ ಕ್ಲಿನಿಕ್. ವಾರಕ್ಕೊಂದು ದಿನ ಅದಕ್ಕೆ ಬೀಗ ಹಾಕಿ, ಜೀಪು ಹತ್ತಿ ಆದಿವಾಸಿಗಳ ಹಾಡಿ, ಲೈನ್ ಮನೆ, ಅಂಗನವಾಡಿ ಅಂತ ಹೊರಡುತ್ತಾರೆ. ಒಂದು ದಿನ ನಾನೂ ಹೋದೆ. ಸಂಜೆ ಐದಕ್ಕೆ ವಾಪಸ್ ಹೊರಡಲೇಬೇಕು ಅಂತ ಮೊದಲೇ ಹೇಳಿದ್ದರು. ಯಾಕೆ ಅಂತ ಕೊಡಗಿನವರು ಕೇಳುವುದಿಲ್ಲ ಬಿಡಿ. ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು.

ಡಾಕ್ಟರಮ್ಮನ ಚೀಲದಲ್ಲಿ ಏನಿತ್ತು? ತಲೆಗೆ ಕಟ್ಟುವ ಲೈಟು, ಸಣ್ಣ ಕನ್ನಡಿಗಳು, ಹತ್ತಿ, ಕೈಗವಸು, ಒಂದು ಪುಟ್ಟ ಬಾಟಲಿ. ಡ್ರಿಲ್ ಇಲ್ಲ. ಮೇಲೆ ಕೆಳಗೆ ಹೋಗುವ ಕುರ್ಚಿ ಇಲ್ಲ. ಅಮ್ಮ, ಡಾಕ್ಟರು ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸುತ್ತಾರೆ. ಮಗು ಮಧ್ಯೆ ಮಲಗುತ್ತದೆ. ಕಾಲು ಅಮ್ಮನ ಕಡೆ, ತಲೆ ಡಾಕ್ಟರ ಮಡಿಲಲ್ಲಿ. ಅಮ್ಮನ ಮುಖ ಕಾಣುತ್ತಿರುವುದರಿಂದ ಅಳು ಅರ್ಧಕ್ಕೆ ನಿಲ್ಲುತ್ತದೆ.

ಆ ಬಾಟಲಿಯ ಕಥೆ ಹೇಳಬೇಕು. ಅದರ ಹೆಸರು ಸಿಲ್ವರ್ ಡಯಮೈನ್ ಫ್ಲೋರೈಡ್. ಹುಳುಕು ಹಲ್ಲನ್ನು ಒರೆಸಿ ಒಣಗಿಸಿ, ಒಂದು ಹನಿ ಹಚ್ಚಿದರೆ ಆಯಿತು. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಬೆಳ್ಳಿ ಅಲ್ಲಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಬಹಳಷ್ಟು ಹಲ್ಲುಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದೇ ತೊಂದರೆ, ಹುಳುಕಾದ ಜಾಗ ಕಪ್ಪಾಗುತ್ತದೆ. ಮಸಿ ಬಳಿದ ಹಾಗೆ.

ಜಗಳ ಶುರುವಾಗುವುದೇ ಇಲ್ಲಿ. ಒಬ್ಬ ಅಜ್ಜಿ ಕೇಳಿಯೇಬಿಟ್ಟರು, "ಬಿಳಿ ಮಾಡ್ತೀರಿ ಅಂದ್ಕೊಂಡ್ರೆ ಕಪ್ಪು ಮಾಡ್ತೀರಲ್ಲ ಡಾಕ್ಟ್ರೇ?" ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ರಾತ್ರಿ ಮಗು ನಿದ್ದೆ ಮಾಡ್ತದೆ ಅಜ್ಜಿ" ಅಂದರು, ಅಷ್ಟೇ. ಹಚ್ಚುವ ಮೊದಲೇ ಕಪ್ಪಾದ ಹಲ್ಲಿನ ಫೋಟೋ ತೋರಿಸುತ್ತಾರೆ. ಬೇಡ ಅಂದವರಿಗೆ ಹಚ್ಚುವುದಿಲ್ಲ. ನನ್ನನ್ನು ಕೇಳಿದರೆ ಆ ಕಪ್ಪು ಹಲ್ಲಿಗೆ ನನ್ನ ಓಟು. ಯಾಕೆಂದರೆ ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬೇಕು. ಬೀಳೋ ಹಲ್ಲು ಅಂತೀವಿ, ಆದರೆ ಅಲ್ಲಿಯವರೆಗೂ ಅಗಿಯುವುದು ಅದರಲ್ಲೇ ಅಲ್ವಾ? ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರುವ ಹಲ್ಲಿಗೆ ಜಾಗವೇ ಇರುವುದಿಲ್ಲ.

ಇನ್ನೊಂದು ಮೋಸ ಇದೆ. ಸುಮಾರು ಆರು ವರ್ಷಕ್ಕೆ, ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ ಸುಮ್ನೆ ಒಂದು ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ಏನೂ ಬಿದ್ದಿಲ್ಲವಲ್ಲ, ಅದಕ್ಕೇ ಇದೂ ಹಾಲುಹಲ್ಲೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಗನದ್ದು ಹುಳುಕಾಗಿ, ಗುಂಡಿ ತುಂಬಿಸಿದ ಮೇಲೆ ಬುದ್ಧಿ ಬಂತು.

ಸಕ್ಕರೆಗೆ ಬೈಯುವುದು ಸುಲಭ. ಬೆಲ್ಲದ ಕಾಫಿ ಬಿಡಿ ಅಂತ ಕೊಡಗಿನಲ್ಲಿ ಯಾರು ಹೇಳುತ್ತಾರೆ? ಡಾಕ್ಟರೂ ಹೇಳುವುದಿಲ್ಲ, ಅವರೂ ಕುಡಿಯುತ್ತಾರೆ. ಎಷ್ಟು ಸಿಹಿ ಅನ್ನುವಷ್ಟೇ ಎಷ್ಟು ಸಲ ಅನ್ನುವುದೂ ಲೆಕ್ಕ ಅಂತಾರೆ. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗಲೂ ಬಾಯಲ್ಲಿ ಹುಳಿ ಹುಟ್ಟಿ ಅರ್ಧ ಗಂಟೆ ಹಲ್ಲನ್ನು ತಿನ್ನುತ್ತದೆ. ಊಟದ ಜೊತೆ ಒಮ್ಮೆ ತಿಂದರೆ ಒಂದು ಲೆಕ್ಕ, ದಿನವಿಡೀ ಬಿಸ್ಕತ್ತು ಚೀಪುತ್ತಿದ್ದರೆ ಬೇರೆ ಲೆಕ್ಕ. ತೋಟಕ್ಕೆ ಹೋಗುವ ತಾಯಿ ಮಗು ಅಳದಿರಲಿ ಅಂತ ಕೈಗೊಂದು ಬಿಸ್ಕತ್ತು ಪ್ಯಾಕೆಟ್ ಕೊಟ್ಟು ಹೋದರೆ ಅವಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಈಗ ನನ್ನ ಸಿಟ್ಟು. ಹಲ್ಲಿನ ಪರೀಕ್ಷೆಗೆ ನಮ್ಮಲ್ಲಿ ಕೊರತೆ ಇಲ್ಲ. 2013ರಿಂದ ಮಕ್ಕಳ ಆರೋಗ್ಯ ತಪಾಸಣೆಗೆಂದೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹಲ್ಲಿನ ಹುಳುಕೂ ಅವರ ಪಟ್ಟಿಯಲ್ಲಿದೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ವಯಸ್ಸಾದ ಬಡವರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನೂ ನಮ್ಮ ರಾಜ್ಯ ಮಾಡಿತು. ಒಳ್ಳೆಯದೇ. ಆದರೆ ಆರು ವರ್ಷದ ಹಲ್ಲನ್ನು ಉಳಿಸಿಕೊಂಡಿದ್ದರೆ ಅರವತ್ತಕ್ಕೆ ಆ ಸೆಟ್ಟು ಎಷ್ಟು ಜನಕ್ಕೆ ಬೇಕಾಗುತ್ತಿತ್ತು?

ಶಿಬಿರಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬ್ಯಾನರು, ಫೋಟೋ, ಮಗುವಿಗೊಂದು ಬ್ರಷ್ಷು, ಟಾಟಾ. ಆ ಬ್ರಷ್ಷು ಎರಡು ಮೂರು ತಿಂಗಳಿಗೆ ಸವೆಯುತ್ತದೆ. ಬಾಟಲಿಯ ಔಷಧಿಯನ್ನೂ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಈ ಡಾಕ್ಟರು ಭಿನ್ನವಾಗುವುದು ಇಲ್ಲೇ. ಅದೇ ಹಾಡಿಗೆ, ಅದೇ ನೋಟ್‌ಬುಕ್ ಹಿಡಿದು ಮತ್ತೆ ಹೋಗುತ್ತಾರೆ. ಮಕ್ಕಳಿಗೆ ಅವರ ಜೀಪಿನ ಸದ್ದು ಗೊತ್ತು. ಕೆಲವರು ಓಡಿ ಬರುತ್ತಾರೆ, ಕೆಲವರು ಕಾಫಿ ಗಿಡದ ಹಿಂದೆ ಅಡಗುತ್ತಾರೆ.

ಅವರಿಂದಲೂ ಆಗದ ಕೆಲಸ ಒಂದಿದೆ. ಕೀವು ತುಂಬಿದ ಹಲ್ಲನ್ನು ಜಗಲಿಯಲ್ಲಿ ಕೂತು ಸರಿ ಮಾಡಲಾಗುವುದಿಲ್ಲ, ಪೇಟೆಗೆ ಬರಬೇಕು. ಚೀಟಿ ಬರೆದುಕೊಡುತ್ತಾರೆ. ಚೀಟಿ ಗೋಡೆಯ ಮೊಳೆಯಲ್ಲೇ ಉಳಿಯುತ್ತದೆ. ಪೇಟೆಗೆ ಹೋದರೆ ಆಟೋ ಬಾಡಿಗೆ, ಜೊತೆಗೆ ಆ ದಿನದ ಕೂಲಿ ಹೋಯಿತು. ಕಾಫಿ ಕೊಯ್ಲಿನ ಸಮಯವಾದರೆ ಕೇಳುವುದೇ ಬೇಡ.

ಹಾಗಾಗಿ ತೋಟದ ಮಾಲೀಕರು ಯಾರಾದರೂ ಇದನ್ನು ಕೇಳುತ್ತಿದ್ದರೆ ಒಂದು ಮಾತು. ಮಗುವಿನ ಹಲ್ಲಿಗೆ ಅಂತ ಪೇಟೆಗೆ ಹೋದ ತಾಯಿಗೆ ಆ ದಿನದ ಹಾಜರಿ ಹಾಕಿಸಿ. ತೋಟದ ಲೆಕ್ಕ ಬರೆಯುವ ನಿಮ್ಮ ರೈಟರಿಗೆ ಇವತ್ತು ಸಂಜೆಯೇ ಹೇಳಿ, ಕೊಯ್ಲು ಶುರುವಾದ ಮೇಲೆ ನಿಮಗೂ ನೆನಪಿರುವುದಿಲ್ಲ.